ಹದಿಮೂರು ಎಪಿಸೋಡ್ ನೋಡಿದರೂ ಕೊಲೆಗಾರ ಸಿಗಲಿಲ್ಲ, ಮುಂದೇನು?

ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾದ ಮೇಲೆ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದೇನೆ. ನಾವಿರೋ ಊರಿನ ಕಥೆ ಅಂತ ‘ದಿ ಕಿಲ್ಲಿಂಗ್’ ಸರಣಿ ಶುರು ಮಾಡಿದೆವು. ಮಕ್ಕಳು ಮಲಗಿದ ಮೇಲೆ ನಾನು, ನಮ್ಮ ಯಜಮಾನರು ದಿನಕ್ಕೊಂದು ಎಪಿಸೋಡ್ ನೋಡುತ್ತಿದ್ದೆವು. ಮೊದಲ ಸೀಸನ್ನಿನ ಕೊನೆಯ ಎಪಿಸೋಡ್ ಮುಗಿದಾಗ ಇವರು ರಿಮೋಟ್ ಸೋಫಾ ಮೇಲೆ ಎಸೆದರು. ‘ಇದು ಶುದ್ಧ ಮೋಸ, ಬರೆದವರಿಗೇ ಕೊಲೆಗಾರ ಯಾರು ಅಂತ ಗೊತ್ತಿಲ್ಲ, ಎರಡನೇ ಸೀಸನ್ ನೋಡಲಿ ಅಂತ ನಮ್ಮನ್ನ ಎಳೆದಾಡಿದ್ದಾರೆ’ ಅಂದರು. ನನಗೂ ಸಿಟ್ಟು ಬಂತು. ಆದರೆ ಕೊಲೆಯಾದ ಹುಡುಗಿಯ ತಾಯಿ ಮಿಚ್ ಮನೆ ಬಿಟ್ಟು ಹೊರಡೋದನ್ನ ನೋಡಿ ಅತ್ತುಬಿಟ್ಟೆ. ಎರಡು ದಿನ ಅಡುಗೆ ಮಾಡುವಾಗಲೂ ಅವಳೇ ಕಣ್ಮುಂದೆ ಬರುತ್ತಿದ್ದಳು. ಇಷ್ಟೊಂದು ಸಿಟ್ಟು ಬಂದ ಕಥೆ ಇಷ್ಟೊಂದು ಕಾಡೋದು ಹೇಗೆ? ಪತ್ತೇದಾರ ಹೋಲ್ಡರ್ ಮೋಸಗಾರ ಅಂದರೆ ನಾವು ಅವನನ್ನ ಇಷ್ಟಪಟ್ಟಿದ್ದೆಲ್ಲ ಸುಮ್ನೆ ಹೋಯಿತಾ? ಮುಂದೆ ನೋಡಲಾ, ಬಿಡಲಾ, ಉತ್ತರ ಎಲ್ಲಾದರೂ ಓದಿಬಿಡಲಾ? ಕೊಲೆಗಾರ ಯಾರು ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಉತ್ತರ: ಹೇಳುವುದಿಲ್ಲ. ಎರಡನೇ ಸೀಸನ್ನಿನ ಗುಟ್ಟು ಯಾವುದೂ ಇಲ್ಲಿ ಬಿಟ್ಟುಹೋಗದ ಹಾಗೆ ಬರೆದಿದ್ದೇನೆ, ಧೈರ್ಯವಾಗಿ ಓದಿ. ಮೊದಲ ಸೀಸನ್ ಇನ್ನೂ ನೋಡದವರು ಮಾತ್ರ ಇಲ್ಲೇ ನಿಲ್ಲಿಸುವುದು ಒಳ್ಳೆಯದು. ಕೊನೆಯ ಎಪಿಸೋಡಿನ ವಿಷಯ ಹೇಳದೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಧಾರಾವಾಹಿಗಳಿಗೆ ಸ್ಕ್ರೀನ್‌ಪ್ಲೇ ಬರೆಯುತ್ತಿದ್ದೇನೆ. ದಿನವೂ ಎಪಿಸೋಡ್ ಕೊನೆಗೆ ಒಂದು ಹುಕ್, ಅಂದರೆ ಮುಂದಿನದನ್ನು ನೋಡಲೇಬೇಕು ಅನ್ನಿಸುವ ಕೊಕ್ಕೆ, ಇಡುವುದು ನನ್ನ ಕೆಲಸ. ಹಾಗಾಗಿ ಈ ಫಿನಾಲೆಯನ್ನು, ಅಂದರೆ ಸೀಸನ್ನಿನ ಕೊನೆಯ ಎಪಿಸೋಡನ್ನು, ನೋಡುವವಳಾಗಿಯೂ ನೋಡಿದ್ದೇನೆ, ಬರೆಯುವವಳಾಗಿಯೂ ನೋಡಿದ್ದೇನೆ. ನಿಮ್ಮ ಸಿಟ್ಟು ಸರಿಯಾಗಿದೆ. ನಿಮ್ಮ ಅಳುವೂ ಸರಿಯಾಗಿದೆ. ಎರಡೂ ಒಂದೇ ಮನಸ್ಸಲ್ಲಿ ಇರುವುದಕ್ಕೆ ಕಾರಣವಿದೆ. ಆ ಒಂದು ಗಂಟೆಯಲ್ಲಿ ಎರಡು ಬೇರೆ ಬೇರೆ ಕಥೆಗಳು ಓಡುತ್ತಿವೆ. ಒಂದು ಕಥೆ ನಿಮಗೆ ಕೊಟ್ಟ ಮಾತು ತಪ್ಪಿತು. ಇನ್ನೊಂದು ಉಳಿಸಿಕೊಂಡಿತು.

ಮೊದಲು ಏನಾಯಿತು ಅನ್ನುವುದನ್ನು ನೆನಪು ಮಾಡಿಕೊಳ್ಳೋಣ. ರೋಸಿ ಲಾರ್ಸನ್ ಎಂಬ ಹುಡುಗಿ ಕಾಣೆಯಾಗುತ್ತಾಳೆ. ಕೆರೆಯಲ್ಲಿ ಮುಳುಗಿದ ಕಾರಿನ ಡಿಕ್ಕಿಯಲ್ಲಿ ಅವಳ ಹೆಣ ಸಿಗುತ್ತದೆ. ಅದು ಮೇಯರ್ ಚುನಾವಣೆಗೆ ನಿಂತಿರುವ ಡ್ಯಾರನ್ ರಿಚ್ಮಂಡ್‌ನ ಪ್ರಚಾರದ ಕಾರು. ಮಗನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಪತ್ತೇದಾರಿಣಿ ಸಾರಾ ಲಿಂಡನ್ ಇದರಲ್ಲಿ ಸಿಕ್ಕಿಕೊಳ್ಳುತ್ತಾಳೆ. ಅವಳ ಜಾಗಕ್ಕೆ ಬಂದ ಸ್ಟೀಫನ್ ಹೋಲ್ಡರ್ ಜೊತೆಯಾಗುತ್ತಾನೆ. ಹದಿಮೂರನೇ ಎಪಿಸೋಡಿನಲ್ಲಿ ರಿಚ್ಮಂಡ್ ಬಂಧನವಾಗುತ್ತದೆ. ಆ ರಾತ್ರಿ ಅವನೇ ಆ ಕಾರು ಓಡಿಸಿದ ಅನ್ನುವುದಕ್ಕೆ ಟೋಲ್ ಸೇತುವೆಯ ಫೋಟೊ ಸಾಕ್ಷಿ. ಲಿಂಡನ್ ಕೊನೆಗೂ ಮಗನ ಜೊತೆ ವಿಮಾನ ಹತ್ತುತ್ತಾಳೆ. ಅಷ್ಟರಲ್ಲಿ ಫೋನ್ ಬರುತ್ತದೆ. ಆ ಸೇತುವೆಯ ಕ್ಯಾಮೆರಾ ಕೆಲಸವೇ ಮಾಡುತ್ತಿರಲಿಲ್ಲ, ಅಂದರೆ ಫೋಟೊ ನಕಲಿ. ಅದೇ ಹೊತ್ತಿಗೆ ಹೋಲ್ಡರ್ ಯಾರದೋ ಕಾರು ಹತ್ತಿ ಫೋಟೊ ಕೆಲಸ ಮಾಡಿತು ಅನ್ನುತ್ತಾನೆ. ಲಾರ್ಸನ್ ಮನೆಯವರ ಬಂಟ ಬೆಲ್ಕೊ ಪಿಸ್ತೂಲು ಹಿಡಿದು ರಿಚ್ಮಂಡ್ ಎದುರು ನಿಲ್ಲುತ್ತಾನೆ. ಅಲ್ಲಿಗೆ ಮುಗಿಯಿತು.

ಈಗ ನನ್ನದೇ ಒಂದು ಅನುಭವ ಹೇಳುತ್ತೇನೆ. ನಿಮ್ಮ ಸಿಟ್ಟಿನ ಬೇರು ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಅದರಿಂದ.

ಹಲವು ವರ್ಷದ ಹಿಂದೆ ಸಂಜೆಯ ಒಂದು ಧಾರಾವಾಹಿಗೆ ಬರೆಯುತ್ತಿದ್ದೆ. ಹಿರಿ ಮಗನನ್ನು ಬಾವಿಗೆ ತಳ್ಳಿದವರು ಯಾರು ಅನ್ನುವ ಟ್ರ್ಯಾಕ್. ತೊಂಬತ್ತನೇ ಎಪಿಸೋಡಿಗೆ ಗುಟ್ಟು ಬಿಚ್ಚುವುದು ಅಂತ ಒನ್‌ಲೈನ್ (ಕಥೆಯ ಸಾರಾಂಶ) ಬರೆದು ಒಪ್ಪಿಸಿದ್ದೆ. ಎಪ್ಪತ್ತರ ಹೊತ್ತಿಗೆ ಟಿಆರ್‌ಪಿ ಏರಿತು. ಇನ್ನೂ ಒಂದು ತಿಂಗಳು ಎಳೆಯಿರಿ ಅಂತ ಚಾನೆಲ್‌ನಿಂದ ಹೇಳಿದರು. ಮಾತು ಕೊಟ್ಟ ದಿನ ಏನಾದರೂ ತೋರಿಸಲೇಬೇಕಲ್ಲ, ಚಿಕ್ಕಪ್ಪನೇ ತಳ್ಳಿದ್ದು ಅಂತ ತೋರಿಸಿದೆವು. ಪೊಲೀಸರು ಬಂದು ಅವನನ್ನು ಕರೆದುಕೊಂಡೂ ಹೋದರು. ಎಪಿಸೋಡ್ ಕೊನೆಯ ಶಾಟ್‌ನಲ್ಲಿ, ಅಲ್ಲ, ಅವನಲ್ಲ ಅಂದೆವು. ಆ ವಾರ ಟಿಆರ್‌ಪಿ ಚೆನ್ನಾಗಿತ್ತು. ಆಮೇಲೆ ಇಳಿಯುತ್ತಾ ಹೋಯಿತು. ನಮ್ಮ ಬೀದಿಯ ತರಕಾರಿ ಅಂಗಡಿಯಲ್ಲಿ ದಿನಾ ಸಿಗುವ ಅಜ್ಜಿಯೊಬ್ಬರು ಕಥೆ ಕೇಳುವುದನ್ನೇ ಬಿಟ್ಟರು. ನಾನೇ ತಡೆಯಲಾರದೆ ಕೇಳಿದೆ. ಅವರು ಹೇಳಿದ್ದು ಇಷ್ಟು: ‘ನೀನು ಹೇಳದೆ ಇದ್ದಿದ್ರೆ ಕಾಯ್ತಿದ್ದೆ ಕಣಮ್ಮ. ಹೇಳಿ, ಅಲ್ಲ ಅಂದೆಯಲ್ಲ, ಅದಕ್ಕೆ ಬಿಟ್ಟೆ.’

‘ದಿ ಕಿಲ್ಲಿಂಗ್’ ಫಿನಾಲೆಯ ತೊಂದರೆ ಇದೇ. ಉತ್ತರ ಇಲ್ಲದಿರುವುದು ದೊಡ್ಡ ತಪ್ಪಲ್ಲ. ಉತ್ತರವನ್ನು ಕೈಗೆ ಕೊಟ್ಟು, ಮುಷ್ಟಿ ಮುಚ್ಚುವಷ್ಟರಲ್ಲಿ ಕಿತ್ತುಕೊಂಡಿದ್ದು ತಪ್ಪು. ರಿಚ್ಮಂಡ್ ಸಿಕ್ಕಿಬಿದ್ದಾಗ ನೀವು ಉಸಿರು ಬಿಟ್ಟಿದ್ದೀರಿ. ಲಿಂಡನ್ ವಿಮಾನ ಹತ್ತಿದಾಗ ಮನಸ್ಸಿನಲ್ಲಿ ಕಡತ ಮುಚ್ಚಿದ್ದೀರಿ. ಹಾಗೆ ಒಮ್ಮೆ ಮುಚ್ಚಿದ ಮನಸ್ಸನ್ನು ಒತ್ತಾಯದಿಂದ ತೆರೆಸಿದರೆ ಕುತೂಹಲ ಹುಟ್ಟುವುದಿಲ್ಲ, ಅವಮಾನ ಆಗುತ್ತದೆ. ನಿಮ್ಮ ಯಜಮಾನರು ರಿಮೋಟ್ ಎಸೆದದ್ದು ಆ ಅವಮಾನಕ್ಕೆ.

ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. ಎಎಂಸಿ ಚಾನೆಲ್ ಈ ಸರಣಿಯನ್ನು 2011ರ ಏಪ್ರಿಲ್ 3ರಂದು ಶುರು ಮಾಡಿತು. ಪ್ರಚಾರದ ತುಂಬಾ ಒಂದೇ ಪ್ರಶ್ನೆ, ರೋಸಿ ಲಾರ್ಸನ್‌ಳನ್ನು ಕೊಂದವರು ಯಾರು? ಒಂದು ಎಪಿಸೋಡ್ ಅಂದರೆ ತನಿಖೆಯ ಒಂದು ದಿನ. ಹದಿಮೂರು ಎಪಿಸೋಡ್, ಹದಿಮೂರು ದಿನ. ಹೀಗೆ ಲೆಕ್ಕ ಕೊಟ್ಟರೆ ಹದಿಮೂರನೇ ದಿನ ಉತ್ತರ ಸಿಗುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಜೂನ್ 19ರಂದು ಫಿನಾಲೆ ಬಂದಾಗ ಅಮೆರಿಕದ ಟಿವಿ ವಿಮರ್ಶಕರು ಮುಗಿಬಿದ್ದರು. ಇನ್ನು ಈ ಸರಣಿ ನೋಡುವುದಿಲ್ಲ ಅಂತ ಬರೆದವರೂ ಇದ್ದರು. ಸರಣಿಯ ಮುಖ್ಯ ಲೇಖಕಿ ವೀಣಾ ಸೂದ್, ಮೊದಲ ಸೀಸನ್ನಿನಲ್ಲೇ ಉತ್ತರ ಕೊಡುತ್ತೇವೆ ಅಂತ ತಾವು ಎಂದೂ ಹೇಳಿರಲಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಅದು ನಿಜವೇ. ಆದರೆ ಬಾಯಲ್ಲಿ ಹೇಳದಿದ್ದರೂ ಕಥೆಯ ಆಕಾರವೇ ಮಾತು ಕೊಡುತ್ತದೆ. ನಾವು ಬರೆಯುವವರು ಅದನ್ನು ಮರೆಯಬಾರದು. ಈ ವಿಷಯದಲ್ಲಿ ನಾನು ಪ್ರೇಕ್ಷಕರ ಕಡೆ.

ಈಗ ನಿಮ್ಮ ಯಜಮಾನರ ಆರೋಪಗಳಿಗೆ ಬರುತ್ತೇನೆ. ಅವು ಬಹಳ ಜನ ಹೇಳುವ ಮಾತುಗಳೇ.

ಬರೆದವರಿಗೇ ಕೊಲೆಗಾರ ಗೊತ್ತಿರಲಿಲ್ಲ ಅನ್ನುವುದನ್ನು ತೆಗೆದುಕೊಳ್ಳಿ. ನನ್ನ ಅನುಭವದಲ್ಲಿ ಈ ಆರೋಪ ಅಷ್ಟು ಮುಖ್ಯವಲ್ಲ. ಕೊಲೆಗಾರ ಯಾರು ಅಂತ ಮೊದಲ ದಿನವೇ ಗೋಡೆಗೆ ಚೀಟಿ ಅಂಟಿಸಿ ಬರೆದ ಕಥೆಗಳು ಕೆಟ್ಟದ್ದನ್ನು ನೋಡಿದ್ದೇನೆ. ಅರ್ಧ ದಾರಿಯಲ್ಲಿ ಕೊಲೆಗಾರನನ್ನೇ ಬದಲಾಯಿಸಿದರೂ ಗಟ್ಟಿಯಾಗಿ ನಿಂತ ಕಥೆಗಳನ್ನೂ ನೋಡಿದ್ದೇನೆ. ನೋಡಬೇಕಾದ್ದು ಬೇರೆ. ಪ್ರತಿಯೊಬ್ಬ ಶಂಕಿತನ ಮೇಲೆ ಅನುಮಾನ ಬಂದು ಹೋದ ಮೇಲೆ ಏನಾದರೂ ಉಳಿಯುತ್ತದೆಯಾ? ಮಾಸ್ತರ ಬೆನೆಟ್ ಅಹ್ಮದ್‌ನನ್ನು ನೆನಪಿಸಿಕೊಳ್ಳಿ. ಎಷ್ಟೋ ಎಪಿಸೋಡ್ ಅವನೇ ಕೊಲೆಗಾರ ಅನ್ನಿಸುತ್ತದೆ. ಒಂದು ಹುಡುಗಿಯನ್ನು ಕಾಪಾಡಲು ಅವನು ಸುಳ್ಳು ಹೇಳಿದ್ದ ಅಂತ ಆಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ರೋಸಿಯ ಅಪ್ಪ ಸ್ಟ್ಯಾನ್ ಅವನನ್ನು ಹೊಡೆದು ಆಸ್ಪತ್ರೆಗೆ ಸೇರಿಸಿದ್ದಾನೆ. ಇಲ್ಲಿ ತಪ್ಪು ಸುಳಿವು ಸುಮ್ನೆ ಹೋಗಲಿಲ್ಲ. ಒಬ್ಬ ಅಮಾಯಕನ ಮೈಮೇಲೆ, ಒಬ್ಬ ಅಪ್ಪನ ಮನಸ್ಸಿನ ಮೇಲೆ ಗಾಯ ಮಾಡಿತು. ಇದು ಒಳ್ಳೆಯ ಬರವಣಿಗೆ. ಆದರೆ ನಡುವೆ ಬರುವ ಕೆಲವು ಸಣ್ಣ ಶಂಕಿತರು ಒಂದು ಎಪಿಸೋಡಿಗೆ ಹುಕ್ ಆಗಿ ಬಂದು, ಮುಂದಿನದರ ಮೊದಲ ಹತ್ತು ನಿಮಿಷದಲ್ಲಿ ಮಾಯವಾಗುತ್ತಾರೆ. ಅದು ಬರೆಯುವವರ ಸುಸ್ತು. ಯಜಮಾನರಿಗೆ ‘ಇವರಿಗೆ ಗೊತ್ತಿಲ್ಲ’ ಅನ್ನಿಸಿದ್ದು ಇಂಥ ಜಾಗಗಳಿಂದ. ಮೂಗು ಹಿಡಿದ ವಾಸನೆ ಸರಿ, ಕಾರಣ ಮಾತ್ರ ಬೇರೆ.

ಎರಡನೇ ಸೀಸನ್ ಸಿಗಲಿ ಅಂತ ಎಳೆದರು ಅನ್ನುವುದು ಅರ್ಧ ನಿಜ. ಫಿನಾಲೆ ಪ್ರಸಾರಕ್ಕೆ ಕೆಲವೇ ದಿನ ಮುಂಚೆ ಎರಡನೇ ಸೀಸನ್ ಘೋಷಣೆ ಆಗಿತ್ತು. ಆದರೆ ಇಂಥ ಸರಣಿಯ ಕೊನೆಯ ಸ್ಕ್ರಿಪ್ಟ್ ಬರೆಯುವುದು ತಿಂಗಳುಗಟ್ಟಲೆ ಮೊದಲು. ಆಗ ಮುಂದಿನ ಸೀಸನ್ ಸಿಗುತ್ತೋ ಇಲ್ಲವೋ ಯಾರಿಗೂ ಗ್ಯಾರಂಟಿ ಇರುವುದಿಲ್ಲ. ಬಾಗಿಲು ಮುಚ್ಚಿ ಬರೆದರೆ ಚಾನೆಲ್ ‘ಮುಗೀತಲ್ಲ’ ಅನ್ನಬಹುದು. ತೆರೆದು ಬರೆದರೆ ಜನ ಬೈಯಬಹುದು. ಈ ಭಯದಲ್ಲೇ ನಾವೆಲ್ಲ ಬರೆಯುತ್ತೇವೆ. ಅದನ್ನು ಮೋಸ ಅನ್ನುವುದು ಜಾಸ್ತಿ ಆಗುತ್ತದೆ. ತಪ್ಪು ಲೆಕ್ಕಾಚಾರ ಅನ್ನಬಹುದು. ಅದರ ಬೆಲೆಯನ್ನೂ ಅವರು ತೆತ್ತರು. ಮೊದಲ ಸೀಸನ್ ಶುರುವಾದ ರಾತ್ರಿ ಸುಮಾರು 27 ಲಕ್ಷ ಜನ ನೋಡಿದ್ದರು. ಎರಡನೆಯದು ಶುರುವಾದ 2012ರ ಏಪ್ರಿಲ್ 1ರ ರಾತ್ರಿ ಆ ಸಂಖ್ಯೆ ಸುಮಾರು 18 ಲಕ್ಷಕ್ಕೆ ಇಳಿದಿತ್ತು. ಆ ಸೀಸನ್ ಮುಗಿದ ಮುಂದಿನ ತಿಂಗಳೇ ಚಾನೆಲ್ ಸರಣಿಯನ್ನು ರದ್ದು ಮಾಡಿತು.

ಹಾಗಾದರೆ ಒಳ್ಳೆಯ ಥ್ರಿಲ್ಲರ್ ಸೀಸನ್ ಕೊನೆಯಲ್ಲಿ ಉತ್ತರ ಕೊಡಲೇಬೇಕಾ? ಬೇಡ. ಇದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ, ಈ ಸರಣಿಯ ಮೂಲವನ್ನೇ ನೋಡಿ. ಇದು ಡೆನ್ಮಾರ್ಕಿನ ‘ಫೋರ್ಬ್ರುಡೆಲ್ಸೆನ್’ ಸರಣಿಯ ಅಮೆರಿಕನ್ ರೂಪ. ಆ ಪದಕ್ಕೆ ಅಪರಾಧ ಅಂತ ಅರ್ಥ. ಬರೆದವರು ಸೋರೆನ್ ಸ್ವೈಸ್ಟ್ರುಪ್. ಕೋಪನ್‌ಹೇಗನ್ನಿನಲ್ಲಿ ನಾನಾ ಎಂಬ ಹುಡುಗಿಯ ಕೊಲೆ, ಸಾರಾ ಲುಂಡ್ ಎಂಬ ಪತ್ತೇದಾರಿಣಿ, ಇಪ್ಪತ್ತು ದಿನ, ಇಪ್ಪತ್ತು ಎಪಿಸೋಡ್. ಇಪ್ಪತ್ತನೆಯದರಲ್ಲಿ ಕೊಲೆಗಾರ ಸಿಗುತ್ತಾನೆ. ಆದರೆ ಡೆನ್ಮಾರ್ಕಿನ ಜನ ಈ ಇಪ್ಪತ್ತನ್ನೂ ಒಂದೇ ಉಸಿರಿಗೆ ನೋಡಲಿಲ್ಲ. ಮೊದಲ ಹತ್ತು 2007ರ ಜನವರಿಯಿಂದ ಮಾರ್ಚ್‌ವರೆಗೆ ಪ್ರಸಾರವಾದವು. ಉಳಿದ ಹತ್ತು ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ. ನಡುವೆ ಸುಮಾರು ಅರ್ಧ ವರ್ಷ ಇಡೀ ದೇಶ ಕಾದಿತು. ಹೆಚ್ಚಿನ ನಟರಿಗೂ ಕೊಲೆಗಾರ ಯಾರು ಅಂತ ಹೇಳಿರಲಿಲ್ಲ. ಹತ್ತನೇ ಎಪಿಸೋಡ್ ಅನ್ನುವುದು ಅರ್ಧ ದಾರಿ ಅಂತ ನೋಡುವವರಿಗೆ ಗೊತ್ತಿತ್ತು. ಅದಕ್ಕೇ ಕಾದರು. ಅಮೆರಿಕದಲ್ಲಿ ಹದಿಮೂರು ಅನ್ನುವುದು ಊರು ಸೇರಿದ ಹಾಗೆ ಅಂತ ಜನ ಅಂದುಕೊಂಡಿದ್ದರು. ಬಸ್ಸು ಶಿವಮೊಗ್ಗದಲ್ಲಿ ನಿಂತರೆ, ಇನ್ನೂ ತೀರ್ಥಹಳ್ಳಿ ದೂರ ಇದೆ ಅಂತ ಗೊತ್ತಿರುವವರು ಚಹಾ ಕುಡಿದು ಮತ್ತೆ ಹತ್ತುತ್ತಾರೆ. ಊರು ಬಂತು ಅಂತ ಚೀಲ ಹೆಗಲಿಗೆ ಹಾಕಿಕೊಂಡವರಿಗೆ ಸಿಟ್ಟು ಬಾರದೆ ಇರುತ್ತದಾ?

ಇನ್ನೊಂದು ಹಳೆಯ ಉದಾಹರಣೆ ಕೊಡಲೇಬೇಕು, ಯಾಕೆಂದರೆ ಅದು ಎದುರು ದಿಕ್ಕಿನದು. 1990ರಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ‘ಟ್ವಿನ್ ಪೀಕ್ಸ್’ ಬಂತು. ಅದೂ ನಿಮ್ಮ ವಾಷಿಂಗ್ಟನ್ ರಾಜ್ಯದ್ದೇ ಕಥೆ, ಲಾರಾ ಪಾಮರ್ ಎಂಬ ಹುಡುಗಿಯ ಕೊಲೆ. ಮೊದಲ ಸೀಸನ್ ಮೇ ತಿಂಗಳಲ್ಲಿ ಮುಗಿದಾಗ ಉತ್ತರ ಇರಲಿಲ್ಲ, ಬದಲಿಗೆ ತನಿಖೆ ಮಾಡುವವನಿಗೇ ಗುಂಡೇಟು. ಜನ ಗೊಣಗಿದರು. ನಿರ್ದೇಶಕ ಡೇವಿಡ್ ಲಿಂಚ್‌ಗೆ ಆ ಗುಟ್ಟು ಬಿಚ್ಚುವ ಮನಸ್ಸೇ ಇರಲಿಲ್ಲ. ಚಾನೆಲ್ ಒತ್ತಡ ಹೆಚ್ಚಾಗಿ ನವೆಂಬರಿನಲ್ಲಿ ಉತ್ತರ ಕೊಟ್ಟರು. ಉತ್ತರ ಸಿಕ್ಕ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಹೋದರು. 1991ರ ಜೂನ್‌ಗೆ ಸರಣಿಯೇ ನಿಂತಿತು. ಆದ್ದರಿಂದ ಉತ್ತರ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಹೇಳಲಾರೆ. ರಿಚ್ಮಂಡ್ ಬಂಧನಕ್ಕೇ ನಿಲ್ಲಿಸಿದ್ದರೆ? ಅವನು ನಿಜವಾಗಿ ಮಾಡಿದನಾ ಅನ್ನುವ ಸಣ್ಣ ಅನುಮಾನ ಮಾತ್ರ ಲಿಂಡನ್ ಕಣ್ಣಲ್ಲಿ ಬಿಟ್ಟಿದ್ದರೆ? ನಾನಾಗಿದ್ದರೆ ಹಾಗೆ ಬರೆಯುತ್ತಿದ್ದೆ. ಫೋನ್ ಕರೆ, ಕಾರಿನಲ್ಲಿ ಹೋಲ್ಡರ್, ಪಿಸ್ತೂಲು, ಮೂರನ್ನೂ ಐದು ನಿಮಿಷದಲ್ಲಿ ತುರುಕುವುದು ಧೈರ್ಯ ಇಲ್ಲದ ಬರವಣಿಗೆ. ಮೂರರಲ್ಲಿ ಒಂದು ಸಾಕಿತ್ತು.

ಹೋಲ್ಡರ್ ವಿಷಯ ನಿಮ್ಮನ್ನು ಹೆಚ್ಚು ನೋಯಿಸಿದೆ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ನನಗೂ ಹಾಗೇ ಆಯಿತು. ಕೊಲೆಗಾರ ಯಾರು ಅನ್ನುವುದು ಒಗಟು. ಹೋಲ್ಡರ್ ಎಂಥವನು ಅನ್ನುವುದು ನಂಟು. ಒಗಟು ಬಿಡಿಸದಿದ್ದರೆ ಕಿರಿಕಿರಿ, ನಂಟು ಮುರಿದರೆ ನೋವು. ಹನ್ನೊಂದನೇ ಎಪಿಸೋಡ್ ನೆನಪಿದೆಯಾ? ಲಿಂಡನ್ ಮಗ ಕಾಣೆಯಾಗಿ, ಅವಳೂ ಹೋಲ್ಡರ್‌ನೂ ಇಡೀ ದಿನ ಕಾರಿನಲ್ಲಿ ಹುಡುಕುತ್ತಾ ಸುತ್ತುತ್ತಾರೆ. ಕೊಲೆ ಕೇಸು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಕಾಲಹರಣ ಅಂತ ಬೈದವರಿದ್ದಾರೆ. ನನ್ನ ಪ್ರಕಾರ ಇಡೀ ಸೀಸನ್ನಿನಲ್ಲಿ ಅತ್ಯಂತ ಒಳ್ಳೆಯ ಎಪಿಸೋಡ್ ಅದು. ಒಬ್ಬರ ಬೆನ್ನಿಗೊಬ್ಬರು ನಿಲ್ಲುವುದು ಅಂದರೆ ಏನು ಅಂತ ಒಂದೂ ದೊಡ್ಡ ಮಾತಿಲ್ಲದೆ ತೋರಿಸುತ್ತದೆ. ಅಂಥ ಎಪಿಸೋಡ್ ಆದ ಎರಡೇ ಕಂತಿಗೆ ಅವನನ್ನು ಆ ಕಾರಿನಲ್ಲಿ ಕೂರಿಸಿದರು. ನಿಮ್ಮ ನೋವು ಹುಟ್ಟಿದ್ದು ಅವರು ಮೊದಲು ಚೆನ್ನಾಗಿ ಬರೆದದ್ದರಿಂದಲೇ. ಅವನನ್ನು ಇಷ್ಟಪಟ್ಟಿದ್ದು ಸುಮ್ನೆ ಹೋಗಿಲ್ಲ. ಆ ಕೊನೆಯ ದೃಶ್ಯದಲ್ಲಿ ನಾವು ನೋಡಿದ್ದು ಒಂದು ಮಾತು, ಒಂದು ಕಾರು, ಅಷ್ಟೇ. ಕಾರಿನಲ್ಲಿದ್ದವರು ಯಾರು, ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಯಾವುದನ್ನೂ ತೋರಿಸಿಲ್ಲ. ತೀರ್ಪು ಕೊಡುವುದನ್ನು ಸ್ವಲ್ಪ ಮುಂದೂಡಿ. ಈ ಒಂದು ಪ್ರಶ್ನೆಗೆ ಉತ್ತರಕ್ಕಾಗಿ ಎರಡನೇ ಸೀಸನ್ನಿನಲ್ಲಿ ಬಹಳ ಕಾಯಬೇಕಾಗಿಲ್ಲ. ಇಷ್ಟು ಹೇಳಿದರೆ ಗುಟ್ಟು ಬಿಟ್ಟ ಹಾಗಾಗುವುದಿಲ್ಲ.

ಇನ್ನು ಮಿಚ್. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹತ್ತಿರವಾದ ಮಾತು ಅಡುಗೆ ಮಾಡುವಾಗ ಅವಳು ಕಣ್ಮುಂದೆ ಬಂದದ್ದು. ಪೊಲೀಸ್ ಕಥೆಗಳಲ್ಲಿ ಸಾಮಾನ್ಯವಾಗಿ ಹೆಣದ ಮನೆಯವರಿಗೆ ಎರಡು ದೃಶ್ಯ ಇರುತ್ತದೆ. ಸುದ್ದಿ ಕೇಳಿ ಅಳುವುದು ಒಂದು, ಕೊನೆಯಲ್ಲಿ ಕೈಮುಗಿದು ಥ್ಯಾಂಕ್ಸ್ ಹೇಳುವುದು ಇನ್ನೊಂದು. ಈ ಸರಣಿ ಆ ಮನೆಯ ಒಳಗೇ ಕೂತುಬಿಟ್ಟಿತು. ಮಗಳು ನೀರಿನಲ್ಲಿ ಹೇಗೆ ಒದ್ದಾಡಿರಬಹುದು ಅಂತ ತಿಳಿಯಲು ಮಿಚ್ ಬಾತ್‌ಟಬ್ಬಿನಲ್ಲಿ ಮುಳುಗಿ ಉಸಿರು ಹಿಡಿಯುವ ದೃಶ್ಯ ಇದೆಯಲ್ಲ, ಅದನ್ನು ಬರೆಯುವ ಶಕ್ತಿ ನನಗಿಲ್ಲ. ಮಿಷೆಲ್ ಫೋರ್ಬ್ಸ್ ಆ ಪಾತ್ರಕ್ಕೆ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನ ಪಡೆದರು, ಲಿಂಡನ್ ಆಗಿ ನಟಿಸಿದ ಮಿರೇಲ್ ಈನಸ್ ಕೂಡ. ಈ ಎರಡನೇ ಕಥೆ ‘ಯಾರು ಕೊಂದರು’ ಅಂತ ಕೇಳುವುದೇ ಇಲ್ಲ. ಮಗಳು ಹೋದ ಮೇಲೆ ಈ ಮನೆ ಏನಾಗುತ್ತದೆ ಅಂತ ಕೇಳುತ್ತದೆ. ಫಿನಾಲೆಯಲ್ಲಿ ಅದಕ್ಕೆ ಉತ್ತರ ಬಂತು. ಉಳಿದ ಇಬ್ಬರು ಗಂಡುಮಕ್ಕಳನ್ನೂ ಗಂಡನನ್ನೂ ಬಿಟ್ಟು ಅವಳು ಹೊರಡುತ್ತಾಳೆ. ಸರಿಯೋ ತಪ್ಪೋ ಅಂತ ಯಾರೂ ಭಾಷಣ ಮಾಡುವುದಿಲ್ಲ. ಅದು ಕಹಿಯಾದ ಉತ್ತರ, ಆದರೆ ಪ್ರಾಮಾಣಿಕವಾದದ್ದು. ಅದಕ್ಕೇ ನೀವು ಅತ್ತಿರಿ. ಅದನ್ನು ಯಜಮಾನರೆದುರು ಸಮರ್ಥಿಸಿಕೊಳ್ಳಬೇಕಾಗಿಲ್ಲ.

ಮಳೆಯ ಬಗ್ಗೆ ನೀವು ಬರೆದಿಲ್ಲ, ಆದರೂ ತೀರ್ಥಹಳ್ಳಿಯವರಿಗೆ ಹೇಳಬೇಕು ಅನ್ನಿಸಿತು. ಸರಣಿಯಲ್ಲಿ ನಿಲ್ಲದೆ ಸುರಿಯುವ ಆ ಮಳೆಯ ಬಹುಪಾಲು ನೀವೀಗಿರುವ ಸಿಯಾಟಲ್ ಕಡೆಯದಲ್ಲ. ಶೂಟಿಂಗ್ ಹೆಚ್ಚಾಗಿ ನಡೆದದ್ದು ಗಡಿಯಾಚೆ ಕೆನಡಾದ ವ್ಯಾಂಕೂವರ್‌ನಲ್ಲಿ. ಸಿಯಾಟಲ್‌ಗೆ ವರ್ಷಕ್ಕೆ ಬೀಳುವ ಮಳೆ 1000 ಮಿಲಿಮೀಟರ್ ಮುಟ್ಟುವುದೂ ಕಷ್ಟ. ನಿಮ್ಮ ತವರಿನ ಹತ್ತಿರದ ಆಗುಂಬೆಯಲ್ಲಿ 7000ದ ಆಸುಪಾಸು. ಆದರೆ ಆಗುಂಬೆಯ ಮಳೆ ಹೊಡೆದು ಹೋಗುತ್ತದೆ, ಗದ್ದೆ ತುಂಬುತ್ತದೆ, ಅದಕ್ಕೊಂದು ಸಂಭ್ರಮವಿದೆ. ಸಿಯಾಟಲ್‌ನದು ಜಿಟಿಜಿಟಿ, ಬೂದು ಬಣ್ಣದ್ದು. ಆ ಮನೆಯ ದುಃಖವೂ ಹಾಗೇ. ಜೋರಾಗಿ ಸುರಿದು ಹಗುರಾಗುವುದಿಲ್ಲ, ದಿನವಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ.

ಈಗ ಮುಂದೇನು ಮಾಡುವುದು.

ಇಲ್ಲಿಗೇ ಬಿಡಬಹುದು. ಮಿಚ್‌ಳ ಕಥೆ ನಿಮಗೆ ಸಾಕು ಅನ್ನಿಸಿದರೆ ಅದು ಸೋಲಲ್ಲ. ಆದರೆ ಹೀಗೆ ಬಿಟ್ಟವರಲ್ಲಿ ಬಹಳ ಜನ ಒಂದು ವಾರದ ಮೇಲೆ ರಾತ್ರಿ ಹನ್ನೆರಡಕ್ಕೆ ಫೋನಿನಲ್ಲಿ ಉತ್ತರ ಹುಡುಕುತ್ತಾರೆ. ನಿಮ್ಮ ಪತ್ರದ ಧಾಟಿ ನೋಡಿದರೆ ನೀವೂ ಅವರಲ್ಲಿ ಒಬ್ಬರಾಗುತ್ತೀರಿ ಅಂತ ನನ್ನ ಅಂದಾಜು.

ಉತ್ತರ ಓದಿಬಿಡುವುದು ಬೇಡ. ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಒಂದು ಸಾಲಿನಲ್ಲಿ ಹೆಸರು ಓದಿದರೆ ‘ಓ, ಇಷ್ಟೇನಾ’ ಅನ್ನಿಸುತ್ತದೆ. ಈ ಕಥೆಯಲ್ಲಿ ಆ ಹೆಸರಿಗಿಂತ ಅದು ಹೊರಬರುವ ರೀತಿಗೆ ತೂಕ ಜಾಸ್ತಿ. ಹೆಸರು ಮೊದಲೇ ಗೊತ್ತಾದರೆ ಆಮೇಲೆ ನೋಡಿದರೂ ಅರ್ಧ ಕಳೆದುಕೊಳ್ಳುತ್ತೀರಿ.

ಎರಡನೇ ಸೀಸನ್ ನೋಡುವುದಾದರೆ ಇನ್ನೂ ಹದಿಮೂರು ಎಪಿಸೋಡ್. ಹದಿನಾಲ್ಕನೇ ದಿನದಿಂದ ಇಪ್ಪತ್ತಾರನೇ ದಿನದವರೆಗೆ. ಇಪ್ಪತ್ತಾರರಲ್ಲಿ ಉತ್ತರ ಇದೆ, ಪೂರ್ತಿಯಾಗಿ ಇದೆ. ಈ ಸಲ ಕಿತ್ತುಕೊಳ್ಳುವುದಿಲ್ಲ, ಯಜಮಾನರಿಗೆ ನನ್ನ ಪರವಾಗಿ ಹೇಳಿ. ಅಪಾಯ ನಡುವಿನಲ್ಲಿದೆ. ಕೆಲವು ಎಪಿಸೋಡ್ ಎಳೆದಂತೆ ಅನ್ನಿಸುತ್ತವೆ, ಕ್ಯಾಸಿನೊ ಸುತ್ತ ನಡೆಯುವ ಭಾಗ ನನಗೂ ಉದ್ದವಾಯಿತು. ಆದರೆ ನಿಮಗೆ ಒಂದು ಅನುಕೂಲ ಇದೆ. 2011ರಲ್ಲಿ ನೋಡಿದವರು ಆ ಫೋಟೊ, ಆ ಪಿಸ್ತೂಲು ತಲೆಯಲ್ಲಿಟ್ಟುಕೊಂಡು ಒಂಬತ್ತು ತಿಂಗಳಿಗೂ ಹೆಚ್ಚು ಕಾದರು. ಸಿಟ್ಟು ಆರುವ ಬದಲು ಹೆಪ್ಪುಗಟ್ಟಿತು. ನೀವು ನಾಳೆಯೇ ನೋಡಬಹುದು. ಇಪ್ಪತ್ತಾರು ಎಪಿಸೋಡನ್ನೂ ಒಂದೇ ಸೀಸನ್ ಅಂತ ತಿಳಿದುಕೊಂಡರೆ ಹದಿಮೂರನೆಯದು ಅರ್ಧ ದಾರಿ ಆಗುತ್ತದೆ. ಡೆನ್ಮಾರ್ಕಿನವರು ನೋಡಿದ ಹಾಗೆ.

ಡೇನಿಶ್ ಮೂಲವನ್ನು ನೋಡಬಹುದಾ ಅಂದರೆ, ಖಂಡಿತ, ಆದರೆ ಈಗಲೇ ಬೇಡ. ಅಲ್ಲಿನ ಕೊಲೆಗಾರ ಬೇರೆ, ಇಲ್ಲಿನ ಉತ್ತರ ಬೇರೆ. ಹಾಗಾಗಿ ಅದನ್ನು ನೋಡಿ ಇದರ ಗುಟ್ಟು ತಿಳಿಯಲು ಆಗುವುದಿಲ್ಲ. ಪಾತ್ರಗಳು ಎಷ್ಟು ಹತ್ತಿರ ಅಂದರೆ ನಡುವೆ ನೋಡಿದರೆ ಎರಡೂ ಕಲಸಿಹೋಗುತ್ತವೆ. ಇದು ಮುಗಿಸಿ ಕೆಲವು ತಿಂಗಳು ಬಿಟ್ಟು ನೋಡಿ.

ಇಪ್ಪತ್ತಾರು ಮುಗಿದ ಮೇಲೆ ನಿಲ್ಲಿಸಿದರೂ ರೋಸಿಯ ಕಥೆಯಲ್ಲಿ ಏನೂ ಬಾಕಿ ಇರುವುದಿಲ್ಲ. ರದ್ದಾದ ಸರಣಿ ಮತ್ತೆ ಶುರುವಾಗಿ 2013ರಲ್ಲಿ ಮೂರನೇ ಸೀಸನ್ ಬಂತು, ಹನ್ನೆರಡು ಎಪಿಸೋಡ್, ಹೊಸ ಕೇಸು. ಮತ್ತೆ ರದ್ದಾಯಿತು. 2014ರಲ್ಲಿ ನೆಟ್‌ಫ್ಲಿಕ್ಸ್ ಆರು ಎಪಿಸೋಡ್ ಮಾಡಿ ಮುಗಿಸಿತು. ಮೂರನೆಯದು ಶುರು ಮಾಡಿದರೆ ನಾಲ್ಕನೆಯದನ್ನೂ ನೋಡುವ ತಯಾರಿಯಲ್ಲಿರಿ. ಮೂರನೆಯದರ ಕೊನೆಯೂ ಬಾಗಿಲು ತೆರೆದಿಟ್ಟೇ ಹೋಗುತ್ತದೆ.

ಯಜಮಾನರಿಗೆ ಒತ್ತಾಯ ಮಾಡಬೇಡಿ. ಎರಡನೇ ಸೀಸನ್ನಿನ ಮೊದಲ ಎಪಿಸೋಡ್ ಹಾಕಿಕೊಂಡು ನೀವೊಬ್ಬರೇ ಕೂತುಕೊಳ್ಳಿ. ಬೆಲ್ಕೊನ ಪಿಸ್ತೂಲಿನಿಂದ ಏನಾಯಿತು ಅನ್ನುವುದು ಅದರಲ್ಲೇ ಇದೆ. ಅವರು ನೀರು ಕುಡಿಯುವ ನೆಪದಲ್ಲಿ ಬಂದು ಸೋಫಾದ ತುದಿಯಲ್ಲಿ ಕೂತರೆ ಏನೂ ಕೇಳಬೇಡಿ. ಇಪ್ಪತ್ತಾರನೆಯದನ್ನು ಮಾತ್ರ ಶುಕ್ರವಾರ ಅಥವಾ ಶನಿವಾರ ರಾತ್ರಿಗೆ ಇಟ್ಟುಕೊಳ್ಳಿ. ಅದು ಮುಗಿದ ಕೂಡಲೇ ನಿದ್ದೆ ಬರುವುದಿಲ್ಲ. ನೋಡಿ ಆದ ಮೇಲೆ ಮಿಚ್ ಬಗ್ಗೆ ನಿಮಗೆ ಏನನ್ನಿಸಿತು ಅಂತ ನನಗೆ ಬರೆಯಿರಿ.